ಡಯಟ್ ಚಾರ್ಟಿನಲ್ಲಿ ಅಡಿಕೆ ಎಲ್ಲಿದೆ?

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ವೆಲ್‌ನೆಸ್ ವೀಕ್. ಸೋಮವಾರ ಯೋಗ, ಮಂಗಳವಾರ ಬೆನ್ನುನೋವು, ಬುಧವಾರ ಮಧ್ಯಾಹ್ನ ‘ಬಾಯಿ ಕ್ಯಾನ್ಸರ್ ತಡೆಯುವ ಹತ್ತು ಆಹಾರಗಳು’ ಅಂತ ಒಂದು ವೆಬಿನಾರ್. ಡಯಟೀಶಿಯನ್ ಒಬ್ಬರು ಚೆನ್ನಾಗಿಯೇ ಮಾತಾಡಿದರು. ಅರಿಶಿನ, ಗ್ರೀನ್ ಟೀ, ಟೊಮೆಟೊ, ಬ್ರೊಕೋಲಿ, ಕ್ಯಾರೆಟ್, ಬೆಳ್ಳುಳ್ಳಿ, ನೆಲ್ಲಿಕಾಯಿ, ಹೀಗೆ ಒಂದೊಂದಕ್ಕೂ ಮೂರು ಮೂರು ಸ್ಲೈಡು. ಕಡೇ ಸ್ಲೈಡಿನ ಕಡೇ ಸಾಲಿನಲ್ಲಿ ‘ತಂಬಾಕಿನಿಂದ ದೂರವಿರಿ’ ಅಂತ ಇತ್ತು. ನಾನು ಚಾಟ್‌ನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಅಡಿಕೆ ಬಗ್ಗೆ ಏನು ಹೇಳ್ತೀರಿ? ನಡೆಸಿಕೊಡುತ್ತಿದ್ದ ಎಚ್ಆರ್ ಹುಡುಗಿ ನಗುತ್ತಾ, ‘ಇವತ್ತಿನ ವಿಷಯ ಆಹಾರ ಅಲ್ವಾ, ಅದಕ್ಕೇ ಸೀಮಿತವಾಗಿರೋಣ’ ಅಂದಳು. ಸೆಷನ್ ಮುಗಿಯಿತು. ಎಲ್ಲರಿಗೂ ಗ್ರೀನ್ ಟೀ ಸ್ಯಾಂಪಲ್ ಪ್ಯಾಕೆಟ್ ಬಂತು.

ಸಂಜೆ ಐದಕ್ಕೆ ಟೆಕ್ ಪಾರ್ಕಿನ ಗೇಟಿನಾಚೆ ಹೋದರೆ ಟೀ ಅಂಗಡಿ. ಅದರ ಮುಂದೆ ದೇವರ ಫೋಟೋಗೆ ಹಾಕಿದ ಹಾರದ ಹಾಗೆ ಪಾನ್ ಮಸಾಲಾ ಪ್ಯಾಕೆಟ್ಟುಗಳ ಮಾಲೆ. ಅದರ ಪಕ್ಕದಲ್ಲೇ ತಂಬಾಕಿನ ಪುಟ್ಟ ಪ್ಯಾಕೆಟ್ಟುಗಳ ಇನ್ನೊಂದು ಮಾಲೆ. ಮಧ್ಯಾಹ್ನ ವೆಬಿನಾರಿನಲ್ಲಿ ಲೈಕ್ ಒತ್ತಿದ್ದ ನನ್ನ ಟೀಮಿನ ಇಬ್ಬರು ಅಲ್ಲಿ ನಿಂತು, ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಬ್ಬನ ಬೆನ್ನ ಮೇಲಿನ ಬ್ಯಾಗಿನಲ್ಲಿ ಗ್ರೀನ್ ಟೀ ಪ್ಯಾಕೆಟ್ ಇದ್ದೇ ಇತ್ತು.

‘ಅಡಿಕೆ ಆಹಾರವಲ್ಲ’ ಅನ್ನುವ ಆ ಹುಡುಗಿಯ ಮಾತಿನಿಂದಲೇ ಶುರು ಮಾಡೋಣ. ಅದು ಅವಳೊಬ್ಬಳ ತಪ್ಪು ತಿಳಿವಳಿಕೆಯಲ್ಲ. ನಮಗೆಲ್ಲ ಅದು ಅನುಕೂಲವಾದ ತಿಳಿವಳಿಕೆ. ಆದರೆ ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲ. 1973ರಲ್ಲೇ ಇದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ನಿಷೇಧವಿದ್ದ ಕೃತಕ ಸಿಹಿಯನ್ನು ಸುಗಂಧ ಸುಪಾರಿಗೆ ಬೆರೆಸಿ ಮಾರಿದ ವ್ಯಾಪಾರಿಯೊಬ್ಬ, ಸುಪಾರಿ ಆಹಾರವೇ ಅಲ್ಲ, ಆದ್ದರಿಂದ ಕಲಬೆರಕೆ ಕಾಯ್ದೆ ನನಗೆ ಅನ್ವಯಿಸುವುದಿಲ್ಲ ಅಂತ ವಾದಿಸಿದ್ದ. ಕೋರ್ಟು ಒಪ್ಪಲಿಲ್ಲ. ಸುಪಾರಿ ಆಹಾರವೇ ಅಂತ ತೀರ್ಪು ಕೊಟ್ಟಿತು. ಇವತ್ತಿಗೂ ಪಾನ್ ಮಸಾಲಾ ತಯಾರಾಗುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸಿನಲ್ಲಿ, ಬಿಸ್ಕತ್ತು, ಉಪ್ಪಿನಕಾಯಿಗಳ ಸಾಲಿನಲ್ಲೇ. ಗುಟ್ಕಾ ನಿಷೇಧವಾದದ್ದೂ ಅದೇ ದಾರಿಯಲ್ಲಿ. ಯಾವುದೇ ಆಹಾರ ಪದಾರ್ಥಕ್ಕೆ ತಂಬಾಕು, ನಿಕೋಟಿನ್ ಬೆರೆಸಕೂಡದು ಅಂತ 2011ರಲ್ಲಿ ನಿಯಮ ಬಂತು. ಅದನ್ನು ಹಿಡಿದು ಒಂದೊಂದೇ ರಾಜ್ಯ ಗುಟ್ಕಾ ನಿಲ್ಲಿಸಿತು, ಕರ್ನಾಟಕ 2013ರಲ್ಲಿ. ಕಂಪನಿಗಳಿಗೆ ಇದಕ್ಕೊಂದು ಉಪಾಯ ಹುಡುಕುವುದು ಕಷ್ಟವಾಗಲಿಲ್ಲ. ಬೆರೆಸಬಾರದು ತಾನೇ? ಬೆರೆಸುವುದಿಲ್ಲ, ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ ಕೊಡ್ತೀವಿ, ಬೆರೆಸುವ ಕೆಲಸ ಗಿರಾಕಿದು. ನಾನು ಹದಿಮೂರು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಇಷ್ಟು ಅಗ್ಗದ, ಇಷ್ಟು ಪರಿಣಾಮಕಾರಿ ವರ್ಕ್‌ಅರೌಂಡ್ ನಾನಂತೂ ನೋಡಿಲ್ಲ.

ಅಂದಮೇಲೆ ಆಹಾರಕ್ಕೂ ಬಾಯಿ ಕ್ಯಾನ್ಸರಿಗೂ ಏನು ಸಂಬಂಧ ಅಂತ ಮಾತಾಡುವವರು ಮೊದಲು ಬರೆಯಬೇಕಾದ ಆಹಾರದ ಹೆಸರು ಅಡಿಕೆ. ಅದನ್ನು ಬಿಟ್ಟು ಬ್ರೊಕೋಲಿಯಿಂದ ಶುರು ಮಾಡುವುದು ಅಂದರೆ, ಸರ್ವರ್ ರೂಮಿಗೆ ಬೆಂಕಿ ಬಿದ್ದಾಗ ಲಾಗಿನ್ ಪೇಜಿನ ಬಣ್ಣದ ಬಗ್ಗೆ ಮೀಟಿಂಗ್ ಕರೆದ ಹಾಗೆ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಹೇಳಿಬಿಡ್ತೀನಿ. ನಮ್ಮ ಊರು ಸಾಗರ ತಾಲೂಕಿನಲ್ಲಿದೆ. ಮನೆಯ ಹಿಂದೆ ತೋಟ, ತೋಟದ ತುಂಬ ಅಡಿಕೆ. ನಮ್ಮ ಚಿಕ್ಕಪ್ಪನಿಗೆ ಈಗ ಐವತ್ತೆಂಟು. ಇಪ್ಪತ್ತನೇ ವಯಸ್ಸಿನಿಂದ ಕವಳ ಹಾಕಿದವರು, ದಿನಕ್ಕೆ ಹತ್ತು ಹನ್ನೆರಡು. ಎಲೆ, ಅಡಿಕೆ, ಸುಣ್ಣ, ಅಷ್ಟೇ. ತಂಬಾಕು ಮುಟ್ಟಿದವರಲ್ಲ, ಅದು ಅವರ ಹೆಮ್ಮೆ. ‘ಹೊಗೆಸೊಪ್ಪು ಹಾಕಿದ್ರೆ ಕೆಡ್ತದೆ ಮಾರಾಯ, ಬರೀ ಅಡಿಕೆಗೆ ಏನೂ ಆಗಲ್ಲ, ಅದು ಔಷಧಿ’ ಅಂತ ಎಷ್ಟು ಸಲ ಹೇಳಿದ್ದಾರೋ. ಗುಟ್ಕಾ ತಿನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರು ಊಟ ಮಾಡಿದ್ದನ್ನೂ ಕೇಳಿ. ಹಿತ್ತಿಲಿನ ಒಂದೆಲಗದ ತಂಬುಳಿ, ಬಸಳೆ ಸಾರು, ಮಳೆಗಾಲದಲ್ಲಿ ಕೆಸುವು, ಬೇಸಿಗೆಯಲ್ಲಿ ಮುರುಗಲು ಪಾನಕ, ಹಲಸಿನ ಗುಜ್ಜೆ ಪಲ್ಯ, ನೆಲ್ಲಿಕಾಯಿ, ಲಿಂಬೆ, ಮನೆಯಲ್ಲೇ ಬೆಳೆದು ಕುಟ್ಟಿದ ಅರಿಶಿನ. ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಯಲ್ಲಿ ಈ ಊಟಕ್ಕೆ ಸೂಪರ್‌ಫುಡ್ ಅಂತ ಹೆಸರಿಟ್ಟು ಬಿಲ್ ಮಾಡಿದರೆ ನನ್ನ ಒಂದು ದಿನದ ಸಂಬಳ ಹೋದೀತು. ಆ ವೆಬಿನಾರಿನ ಹತ್ತು ಆಹಾರಗಳಲ್ಲಿ ಬ್ರೊಕೋಲಿ, ಗ್ರೀನ್ ಟೀ ಬಿಟ್ಟರೆ ಉಳಿದದ್ದೆಲ್ಲ, ಅಥವಾ ಅದಕ್ಕಿಂತ ಒಳ್ಳೆಯದು, ನಲವತ್ತು ವರ್ಷ ಅವರ ಹೊಟ್ಟೆಗೆ ಹೋಗಿದೆ.

ಮೂರು ವರ್ಷದ ಹಿಂದೆ ಅವರಿಗೆ ಖಾರ ತಿಂದರೆ ಬಾಯಿ ಉರಿಯತೊಡಗಿತು. ಚಿಕ್ಕಮ್ಮ ಸಾರಿಗೆ ಮೆಣಸಿನಕಾಯಿ ಕಡಿಮೆ ಮಾಡಿದರು. ಉರಿ ಹೋಗಲಿಲ್ಲ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ, ಆಮೇಲೆ ಬಿ ಕಾಂಪ್ಲೆಕ್ಸ್, ಆಮೇಲೆ ಯಾರೋ ಹೇಳಿದ ಕಷಾಯ. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ನಾನು ಊರಿಗೆ ಹೋದಾಗ ಅವರು ಬಾಳೆಹಣ್ಣನ್ನು ಬೆರಳಲ್ಲಿ ಚೂರು ಚೂರು ಮಾಡಿ ಬಾಯಿಗೆ ತೂರಿಸಿಕೊಳ್ಳುತ್ತಿದ್ದರು. ಬಾಯಿ ತೆರೆಯುತ್ತಲೇ ಇರಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡೆಂಟಿಸ್ಟ್ ಸ್ಕೇಲ್ ಇಟ್ಟು ಅಳೆದರು: ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 18 ಮಿಲಿಮೀಟರ್. ಇದನ್ನು ಓದುತ್ತಿರುವವರು ಒಮ್ಮೆ ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಟ್ಟು ನೋಡಿ. ಹೆಚ್ಚಿನವರಿಗೆ ಹೋಗುತ್ತದೆ. ಚಿಕ್ಕಪ್ಪನಿಗೆ ಒಂದು ಬೆರಳು ಹೋಗುತ್ತಿತ್ತು.

ಈ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ಅಡಿಕೆಯಲ್ಲಿ ಅರೆಕೊಲಿನ್ ಅನ್ನುವ ಅಂಶವಿದೆ. ಅದೂ, ಸುಣ್ಣದ ಜೊತೆ ಸೇರಿ ಅದು ಮಾರ್ಪಾಡಾಗುವ ರೂಪವೂ, ಕೆನ್ನೆಯೊಳಗಿನ ಪದರದಲ್ಲಿ ನಾರನ್ನು ಅತಿಯಾಗಿ ಬೆಳೆಸುತ್ತವೆ. ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮೆತ್ತಗಿದ್ದ ಕೆನ್ನೆ ಒಳಗಿನಿಂದ ಚರ್ಮದ ಪಟ್ಟಿಯ ಹಾಗೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದದ್ದು ತಾನಾಗಿ ಮೊದಲಿನಂತೆ ಆಗುವುದಿಲ್ಲ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ನೂರಕ್ಕೆ ಏಳೆಂಟು ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಖಾರದಿಂದ ಬಾಯಿ ಉರಿದದ್ದು ಕಾಯಿಲೆಯ ಲಕ್ಷಣ. ನಮ್ಮ ಮನೆಯವರು ಅದನ್ನೇ ಕಾರಣ ಅಂದುಕೊಂಡು ಎರಡು ವರ್ಷ ಮೆಣಸಿನಕಾಯಿ ಎಣಿಸುತ್ತಾ ಕೂತಿದ್ದರು. ತಬಕಿನಲ್ಲಿದ್ದ ಅಡಿಕೆಯನ್ನು ಯಾರೂ ಎಣಿಸಲಿಲ್ಲ.

ಈಗ ನಮ್ಮ ಊರಿನವರು ಹೇಳುವ ಮಾತು ಬರುತ್ತದೆ: ತಪ್ಪೆಲ್ಲ ತಂಬಾಕಿನದು, ಅಡಿಕೆ ಪಾಪ, ಸಹವಾಸ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದ ಎಲೆಯಡಿಕೆಯನ್ನೂ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅನ್ನುವ ಮೊದಲ ಗುಂಪಿಗೆ ಸೇರಿಸಿದೆ. ಅದು ವಿದೇಶಿ ಪಿತೂರಿ ಅನ್ನುವವರು ತೈವಾನ್ ಕಡೆ ನೋಡಿ. ಅಲ್ಲಿ ಅಡಿಕೆ ಅಗಿಯುವವರು ತಂಬಾಕು ಬೆರೆಸುವುದಿಲ್ಲ. ಆದರೂ ಅಲ್ಲಿನ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ದೊಡ್ಡ ಪಿಡುಗಾಯಿತು ಅಂದರೆ, ಸರ್ಕಾರವೇ ಅಡಿಕೆ ಮರ ಕಡಿದು ಬೇರೆ ಬೆಳೆ ಹಾಕುವ ರೈತರಿಗೆ ಹಣ ಕೊಡತೊಡಗಿತು. ನಮ್ಮಲ್ಲಿ? ಚುನಾವಣೆ ಬಂದರೆ ಸಾಕು, ಪಕ್ಷಭೇದವಿಲ್ಲದೆ ಎಲ್ಲರೂ ‘ಅಡಿಕೆ ಹಾನಿಕರವಲ್ಲ ಅಂತ ಸಾಬೀತು ಮಾಡಿಸ್ತೀವಿ’ ಅಂತ ವೇದಿಕೆ ಮೇಲೆ ಹೇಳುತ್ತಾರೆ. ಉತ್ತರ ಮೊದಲೇ ಬರೆದಿಟ್ಟು ಆಮೇಲೆ ಸಂಶೋಧನೆ ಮಾಡಿಸುವುದು. ನಮ್ಮ ಟೀಮಿನಲ್ಲಿ ಯಾರಾದರೂ ಹೀಗೆ ಟೆಸ್ಟ್ ಬರೆದರೆ ಅಪ್ರೈಸಲ್‌ನಲ್ಲಿ ಮುಗೀತು ಅವರ ಕಥೆ.

ಹಾಗಾದರೆ ತರಕಾರಿ, ಹಣ್ಣಿನಿಂದ ಏನೂ ಉಪಯೋಗವಿಲ್ಲವೇ? ಇದೆ, ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ತರಕಾರಿ, ಸೊಪ್ಪು, ಹಣ್ಣು ಚೆನ್ನಾಗಿ ತಿನ್ನುವವರಲ್ಲಿ ಬಾಯಿ ಕ್ಯಾನ್ಸರ್ ಕಡಿಮೆ ಅಂತ ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ. ಆದರೆ ಆ ಅಧ್ಯಯನಗಳನ್ನು ಓದುವಾಗ ಒಂದು ಸಿಕ್ಕು ಇದೆ. ದಿನಾ ಹಣ್ಣು ತಿನ್ನುವವನು ಸಾಮಾನ್ಯವಾಗಿ ಬೀಡಿ ಸೇದದವನೂ, ಗುಟ್ಕಾ ತಿನ್ನದವನೂ, ಕೈಯಲ್ಲಿ ನಾಲ್ಕು ಕಾಸು ಇರುವವನೂ ಆಗಿರುತ್ತಾನೆ. ಅವನನ್ನು ಕಾಪಾಡಿದ್ದು ಹಣ್ಣೆಷ್ಟು, ಉಳಿದದ್ದೆಷ್ಟು ಅಂತ ಬಿಡಿಸುವುದು ಸುಲಭವಲ್ಲ. ಇನ್ನು ಬಾಯಿ ಉರಿಯುವವನು ಹುಳಿ, ಖಾರ, ಗಟ್ಟಿ ತರಕಾರಿ ಎಲ್ಲ ತಾನಾಗಿಯೇ ಬಿಡುತ್ತಾನೆ. ಅವನು ತರಕಾರಿ ತಿನ್ನದ್ದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ತಿನ್ನಲಾಗಲಿಲ್ಲವೋ?

ಹಣ್ಣಿನೊಳಗಿನ ಸತ್ವವನ್ನು ಮಾತ್ರೆ ಮಾಡಿ ಕೊಟ್ಟರೂ ನೋಡಿದ್ದಾರೆ. ಫಿನ್ಲೆಂಡಿನಲ್ಲಿ 29 ಸಾವಿರ ಗಂಡಸು ಸಿಗರೇಟುದಾರರ ಮೇಲೆ ಬೀಟಾ ಕೆರೋಟಿನ್ ಪ್ರಯೋಗ ನಡೆಯಿತು, ಅದೇ ಕ್ಯಾರೆಟ್ಟಿನ ಕೇಸರಿ ಬಣ್ಣದ ವಸ್ತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಜಾಸ್ತಿಯಾಗಿತ್ತು. ಅದು ಬಾಯಿಯ ಮಾತಲ್ಲ ಅನ್ನಬಹುದು. ಬಾಯಿಯ ಮಾತಿಗೇ ಬನ್ನಿ. ತಿರುವನಂತಪುರದಲ್ಲಿ ಬಾಯೊಳಗೆ ಬಿಳಿ ಮಚ್ಚೆ ಬಂದವರಿಗೆ ವಿಟಮಿನ್ ಎ ಕೊಟ್ಟು ನೋಡಿದರು. ಅರ್ಧದಷ್ಟು ಜನರ ಮಚ್ಚೆ ಪೂರ್ತಿ ಹೋಯಿತು, ಸಂತೋಷ. ಮಾತ್ರೆ ನಿಲ್ಲಿಸಿದ ಮೇಲೆ ಹಾಗೆ ಗುಣವಾದವರಲ್ಲಿ ಹೆಚ್ಚಿನವರಿಗೆ ಮಚ್ಚೆ ವಾಪಸ್ ಬಂತು.

ಇದನ್ನೆಲ್ಲ ಓದಿದ ಮೇಲೆ ನನಗೆ ಆಹಾರದ ವಿಷಯದಲ್ಲಿ ನಿಜವಾಗಿ ಕಾಡುವುದು ಬೇರೆಯೇ. ಅದು ಹಸಿವು. ಚಿಕ್ಕವನಿದ್ದಾಗ ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿಯುವ ಕೆಲಸ. ಹತ್ತಾರು ಹೆಂಗಸರು ಕತ್ತಿ ಮೆಟ್ಟಿ ಕೂತಿರುತ್ತಿದ್ದರು. ಸುಲಿದಷ್ಟೇ ಕೂಲಿ, ಆದ್ದರಿಂದ ಎದ್ದು ಹೋಗಿ ಊಟ ಮಾಡಿದರೂ ನಷ್ಟ, ತೂಕಡಿಸಿದರೂ ನಷ್ಟ. ಹಸಿವಿಗೂ ನಿದ್ದೆಗೂ ಒಂದೇ ಮದ್ದು, ಎಲೆ ಅಡಿಕೆ ಹೊಗೆಸೊಪ್ಪು. ಅದನ್ನು ನಮ್ಮ ಮನೆಯಿಂದಲೇ ತಟ್ಟೆಯಲ್ಲಿ ಇಡುತ್ತಿದ್ದೆವು, ಅದು ಧಾರಾಳತನ ಅನ್ನಿಸಿಕೊಳ್ಳುತ್ತಿತ್ತು. ತಟ್ಟೆ ಇಡುವ ಕೆಲಸ ಎಷ್ಟೋ ಸಲ ನನ್ನದೇ. ಅವರಲ್ಲಿ ಒಬ್ಬರು, ನಾನು ಅಕ್ಕ ಅಂತ ಕರೆಯುತ್ತಿದ್ದವರು, ಕೆನ್ನೆಯ ಕ್ಯಾನ್ಸರಿನಲ್ಲಿ ಹೋದರು. ಆಗ ನಾನು ಬಿಇ ಎರಡನೇ ವರ್ಷ. ಫೋನಿನಲ್ಲಿ ಅಮ್ಮ ಹೇಳಿದಾಗ ‘ಅಯ್ಯೋ ಪಾಪ’ ಅಂದು ಇಂಟರ್ನಲ್ಸ್ ಬರೆಯಲು ಹೋಗಿದ್ದೆ.

ಬೆಂಗಳೂರಿನಲ್ಲೂ ಅದೇ. ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಗಾರೆ ಕೆಲಸದವರು, ರಾತ್ರಿಯೆಲ್ಲ ಕ್ಯಾಬ್ ಓಡಿಸುವವರು, ಬೆಳಗಿನ ಜಾವ ರಸ್ತೆ ಗುಡಿಸುವವರು, ಇವರ ಪೈಕಿ ಎಷ್ಟು ಜನ ಒಂದು ಹೊತ್ತಿನ ಊಟವನ್ನು ಪ್ಯಾಕೆಟ್ಟಿನಿಂದ ಮುಂದೂಡುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ರಕ್ತಹೀನತೆ ಬಾಯೊಳಗಿನ ಪದರವನ್ನು ತೆಳುವಾಗಿಸುತ್ತದೆ, ಅಪಾಯಕ್ಕೆ ಒಡ್ಡುತ್ತದೆ. ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿ ರಕ್ತಹೀನರು. ಬಾಯಿ ಕ್ಯಾನ್ಸರಿಗೆ ಡಯಟ್ ಅಂತ ಏನಾದರೂ ಇದ್ದರೆ ಅದು ಇವರ ತಟ್ಟೆಗೆ ಬೀಳುವ ಬಿಸಿ ಅನ್ನ, ಬೇಳೆ, ಸೊಪ್ಪು. ಅದಕ್ಕೆ ವೆಬಿನಾರ್ ಬೇಕಿಲ್ಲ, ಕೂಲಿ ಬೇಕು, ಊಟದ ಬಿಡುವು ಬೇಕು. ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನರಿಗೆ ಹೊಸದಾಗಿ ತುಟಿ, ಬಾಯಿಯ ಕ್ಯಾನ್ಸರ್ ಬರುತ್ತದೆ. ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಅವರೆಲ್ಲ ಬ್ರೊಕೋಲಿ ತಿನ್ನದೆ ಹೀಗಾದವರಲ್ಲ.

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರು ‘ಸದ್ಯ, ನಾನು ಅಡಿಕೆಯನ್ನೂ ತಿನ್ನಲ್ಲ, ಗುಟ್ಕಾನೂ ಮುಟ್ಟಲ್ಲ’ ಅಂದುಕೊಂಡಿರಬಹುದು. ಶುಕ್ರವಾರ ಸಂಜೆ ಎಲ್ಲಿರ್ತೀರಿ? ಮದ್ಯವನ್ನು ಇದೇ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ, ಅಡಿಕೆಗಿಂತ ಮುಂಚೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದೂ ನೇರ ಕಾರಣ. ಜೊತೆಗೆ ಸಿಗರೇಟು ಸೇರಿದರೆ ಎರಡರ ಅಪಾಯ ಕೂಡುವುದಿಲ್ಲ, ಗುಣಾಕಾರವಾಗುತ್ತದೆ. ಸೋಮವಾರದಿಂದ ಗುರುವಾರದವರೆಗೆ ಡಿಟಾಕ್ಸ್ ಜ್ಯೂಸ್, ಶುಕ್ರವಾರ ಕ್ರಾಫ್ಟ್ ಬಿಯರ್ ಜೊತೆ ‘ಸೋಷಿಯಲ್’ ಸಿಗರೇಟು. ನಾನೂ ಆ ಟೇಬಲ್ಲಿನಲ್ಲಿ ಕೂತವನೇ, ಆದ್ದರಿಂದ ಇಲ್ಲಿ ಹೆಚ್ಚು ಗಂಟಲೇರಿಸುವ ಹಕ್ಕು ನನಗಿಲ್ಲ.

ಅಡಿಕೆಯ ವಿಷಯದಲ್ಲಿ ಮಾತಾಡುವ ಹಕ್ಕು ಇದೆಯೋ ಅಂತ ಅಪ್ಪನೇ ಕೇಳಿದರು. ಚಿಕ್ಕಪ್ಪನನ್ನು ತೋರಿಸಿಕೊಂಡು ಬಂದ ರಾತ್ರಿ ನಾನು ಊಟಕ್ಕೆ ಕೂತು ಇದೇ ಭಾಷಣ ಬಿಗಿಯುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, ‘ನಿನ್ನ ಹಾಸ್ಟೆಲ್ ಫೀಸು ಕಟ್ಟಿದ್ದು ಯಾವ ದುಡ್ಡಲ್ಲಿ ಮಾರಾಯ? ಕ್ಯಾರೆಟ್ ಬೆಳೆದಾ?’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ವರ್ಷದ ಫೀಸು, ಮೊದಲ ಲ್ಯಾಪ್‌ಟಾಪು, ಅಕ್ಕನ ಮದುವೆ, ಎಲ್ಲ ಅಡಿಕೆಯೇ. ಕೊಳೆ ರೋಗ ಬಂದ ವರ್ಷ ಸಾಲ, ಈಗ ಎಲೆಚುಕ್ಕೆ ರೋಗ, ಔಷಧಿ ಹೊಡೆಯಲು ಮರ ಹತ್ತುವವರೇ ಸಿಗುವುದಿಲ್ಲ. ಎರಡೆಕರೆ ತೋಟದವನ ಹೊಟ್ಟೆಯ ಮೇಲೆ ಹೊಡೆಯುವ ಮಾತನ್ನು ಎಸಿ ರೂಮಿನಲ್ಲಿ ಕೂತು ಬರೆಯುವುದು ಸುಲಭ. ಅದೂ ಗೊತ್ತು.

ಆದರೆ ನಮ್ಮ ಅಟ್ಟದ ಮೇಲಿನ ಕೆಂಪಡಿಕೆ ಎಲ್ಲಿಗೆ ಹೋಗುತ್ತದೆ ಅಂತ ಸಾಗರದ ಮಂಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಾಂಬೂಲದ ತಟ್ಟೆಗೆ ಹೋಗುವುದು ಎಷ್ಟು, ಉತ್ತರ ಭಾರತದ ಪಾನ್ ಮಸಾಲಾ ಕಾರ್ಖಾನೆಗಳಿಗೆ ಹೋಗುವುದು ಎಷ್ಟು? ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ಸಂಸ್ಕೃತಿ, ಸಂಪ್ರದಾಯ ಅಂತ ನಾವು ಮಾತಾಡುವುದು ಆ ತಟ್ಟೆಯನ್ನು ಮುಂದಿಟ್ಟುಕೊಂಡು, ರೇಟು ಮಾತಾಡುವುದು ಆ ಕಾರ್ಖಾನೆಗಳನ್ನು ನಂಬಿಕೊಂಡು. ಇನ್ನೂ ಕಹಿಯಾದ ಮಾತೆಂದರೆ, ಚಿಕ್ಕಪ್ಪನ ಬಾಯಿ ಕಟ್ಟಿದ್ದು ಪ್ಯಾಕೆಟ್ಟಿನಿಂದ ಅಲ್ಲ. ಆ ತಟ್ಟೆಯಿಂದಲೇ.

ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅಡಿಕೆ ನಿರಪರಾಧಿ ಅಂತ ಸಾಬೀತು ಮಾಡಲು ಇಡುವ ದುಡ್ಡನ್ನು ಅಡಿಕೆಯ ಜೊತೆ ಕಾಳುಮೆಣಸು, ಕಾಫಿ, ಜಾಯಿಕಾಯಿ ಬೆಳೆದು ನಿಧಾನಕ್ಕೆ ಹೊರಳುವ ರೈತನಿಗೆ ಕೊಡಿ ಅಂತ ಕೇಳಬಹುದಲ್ಲ? ಗುಟ್ಕಾ ನಿಷೇಧಿಸಿದ ರಾಜ್ಯದಲ್ಲಿ ಜೋಡಿ ಪ್ಯಾಕೆಟ್ಟು ಯಾಕೆ ತೂಗುತ್ತಿದೆ ಅಂತ ಕೇಳಬಹುದಲ್ಲ? ‘ಏಲಕ್ಕಿ’ ಹೆಸರಿನಲ್ಲಿ ಪಾನ್ ಮಸಾಲಾ ಬ್ರ್ಯಾಂಡಿಗೆ ನಟಿಸುವ ಹೀರೋನ ಸಿನಿಮಾಗೆ ಮೊದಲ ದಿನವೇ ಟಿಕೆಟ್ ಬುಕ್ ಮಾಡುವಾಗ ಸ್ವಲ್ಪ ನಾಚಿಕೆ ಪಡಬಹುದಲ್ಲ?

ವೆಲ್‌ನೆಸ್ ವೀಕ್ ಮಾಡುವ ಎಚ್ಆರ್‌ನವರಿಗೂ ಒಂದು ಮಾತು. 1996ರಿಂದ ತಿರುವನಂತಪುರದ ಸುತ್ತಲಿನ 13 ಪಂಚಾಯತಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಟಾರ್ಚ್ ಹಿಡಿದು ಜನರ ಬಾಯೊಳಗೆ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು ಅಂತ 2005ರಲ್ಲಿ ವರದಿ ಬಂತು. ಮುಂದಿನ ಸಲ ಗ್ರೀನ್ ಟೀ ಹಂಚುವ ಬದಲು ಒಬ್ಬ ಡೆಂಟಿಸ್ಟನ್ನು ಕರೆಸಿ. ನಮಗೆ ಮಾತ್ರ ಬೇಡ. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಡ್ರೈವರುಗಳು, ಕ್ಯಾಂಟೀನಿನವರು, ಇವರನ್ನು ಮೊದಲು ಕೂರಿಸಿ. ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರಕ್ಕೆ ಉರಿಯುವ ಬಾಯಿ, ಸರಿಯಾಗಿ ತೆರೆಯದ ದವಡೆ, ಇಷ್ಟನ್ನು ನೋಡಲು ಐದು ನಿಮಿಷ ಸಾಕು. ನಾನು ಇದನ್ನು ಮೇಲ್ ಮಾಡಿ ಕಳಿಸಿದ್ದೇನೆ. ‘ಮುಂದಿನ ಕ್ವಾರ್ಟರಿನಲ್ಲಿ ಪರಿಗಣಿಸುತ್ತೇವೆ’ ಅಂತ ಉತ್ತರ ಬಂದಿದೆ. ಬಿಡುವವನಲ್ಲ ನಾನು, ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ.

ಚಿಕ್ಕಪ್ಪನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಕವಳ ಬಿಟ್ಟು ಎಂಟು ತಿಂಗಳಾಯಿತು. ಬಾಯಿ ಬಿಡಿಸಲು ಡಾಕ್ಟರು ಒಂದು ವ್ಯಾಯಾಮ ಕೊಟ್ಟಿದ್ದಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವುದು, ದಿನಾ ಸ್ವಲ್ಪ ಸ್ವಲ್ಪವೇ ಒತ್ತಿ ಇನ್ನೊಂದು ಕಡ್ಡಿ ತೂರಿಸಲು ನೋಡುವುದು. ಶುರುವಿನಲ್ಲಿ ಒಂಬತ್ತು ಕಡ್ಡಿ ಹೋಗುತ್ತಿತ್ತು. ಮೊನ್ನೆ ಭಾನುವಾರ ಫೋನ್ ಮಾಡಿ, ‘ಹನ್ನೆರಡು ಆಯ್ತು ಮಾರಾಯ’ ಅಂದರು, ಮಕ್ಕಳು ಮಾರ್ಕ್ಸ್ ಹೇಳುವ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವತ್ತು ರಾಶಿ ರೇಟು ಎಷ್ಟಿದೆ, ನೋಡಿದ್ಯಾ?’ ಅಂತ ಕೇಳಿದರು. ಮೊಬೈಲಿನಲ್ಲಿ ನೋಡಿ ಹೇಳಿದೆ.